ತಣ್ಣನೆಯ ಇಂಜಿನ್, ಬಿಸಿ ನಿರಂಜನ

ಕುದುರೆಮುಖದಲ್ಲಿ ಯಾರಾದರೂ ಜೀಪು ಸ್ಟಾರ್ಟ್ ಮಾಡಿದರೆ, ಅದರ ಯಾವ ಪ್ಲಗ್ಗಿಗೆ ಮಸಿ ಹಿಡಿದಿದೆಯೆಂದು ಮೂಡಿಗೆರೆಯಲ್ಲಿ ಕೂತೇ ಹೇಳಬಲ್ಲ ಕಿವಿ ತನ್ನದೆಂದು ನಿರಂಜನ ಕೊಚ್ಚಿಕೊಳ್ಳುತ್ತಿದ್ದ. ಕಾಫಿ ತೋಟ ಅವನ ಕಸುಬು, ಕಾರು ರ‍್ಯಾಲಿ ಅವನ ಹುಚ್ಚು. 2004ರಲ್ಲಿ ತನ್ನ ಹಳೇ ಎಸ್ಟೀಮ್ ಕಾರಿನ ಇಂಜಿನ್ ಕಂಪ್ಯೂಟರನ್ನು ಕಿತ್ತು, ಹೊರಗಿನಿಂದ ತರಿಸಿದ್ದೊಂದನ್ನು ಕೂರಿಸಿದ. ಹೊಸದಕ್ಕೆ ಎಳೆಗೂಸಿನಷ್ಟೂ ಬುದ್ಧಿಯಿರಲಿಲ್ಲ. ಪೆಟ್ರೋಲ್ ಎಷ್ಟು ಕೊಡಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬ ಮೊದಲ ಲೆಕ್ಕವನ್ನು ಲ್ಯಾಪ್‌ಟಾಪಿನಿಂದ ತುಂಬಿಸಬೇಕಿತ್ತು. ಭಾನುವಾರ ರ‍್ಯಾಲಿ; ಅಷ್ಟರೊಳಗೆ ಇಂಜಿನ್ ಒಂದೇ ಸಮನೆ ಓಡದಿದ್ದರೆ ರ‍್ಯಾಲಿಯ ಆಸೆ ಬಿಡಬೇಕಿತ್ತು.

ಇಂಜಿನ್ ಸ್ಟಾರ್ಟ್ ಆಯಿತು, ಕೆಮ್ಮಿತು. ಪೆಟ್ರೋಲ್ ಜಾಸ್ತಿಯಾಗಿದೆ ಎಂದಿತು ಕಿವಿ. ಕಡಿಮೆ ಮಾಡಿದ, ನಿಂತೇಹೋಯಿತು. ಮತ್ತೆ ಏರಿಸಿದ, ಇಳಿಸಿದ, ಕಿಡಿಯನ್ನು ಹಿಂದೆ ಮುಂದೆ ಮಾಡಿದ. ನಡುನಡುವೆ ಕಾರಿನ ಸುತ್ತ ತಿರುಗಿದ ರಭಸಕ್ಕೆ ಅಂಗಳ ಸವೆದು ಕೆರೆಯಾಗದಿದ್ದುದೇ ಪುಣ್ಯ.

ರ‍್ಯಾಲಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವ ಗೆಳೆಯ ಶ್ರೀಹರಿ ಕೊನೆಗೆ ಲ್ಯಾಪ್‌ಟಾಪ್ ಕಸಿದುಕೊಂಡ.

"ತಣ್ಣಗಿರೋ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿನೇ ಬೇಕು ಮಾರಾಯ! ನೀನು ಮೊದ್ಲು ತುಂಬಿಸಿದ ಲೆಕ್ಕನೇ ವಾಪಸ್ ಹಾಕಿದೀನಿ. ಬಿಸಿಯಾಗೋವರೆಗೂ ಮುಟ್ಟಿದ್ರೆ ನೋಡು."

ನಿರಂಜನ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕೂತ. ಬಿಸಿ ತೋರಿಸುವ ಮುಳ್ಳು ನಡುವಿಗೆ ಬರುವಷ್ಟರಲ್ಲಿ ಅವನ ಪಾಲಿಗೆ ಒಂದು ಕಾಫಿ ಕೊಯ್ಲೇ ಮುಗಿದಿತ್ತು. ಕೆಮ್ಮು ತಾನಾಗಿಯೇ ನಿಂತು ಇಂಜಿನ್ ಒಂದೇ ಸಮನೆ ಗುನುಗತೊಡಗಿತು.

"ನೋಡಿದ್ಯಾ? ಭಾನುವಾರನೂ ಹಿಂಗೇ ಅಲ್ಲಾಡದೆ ಕೂತ್ಕೊ, ಕಪ್ ನಮ್ದೇ" ಎಂದ ಶ್ರೀಹರಿ.

"ಕೂತ್ಕೊಳ್ತೀನಿ ಮಾರಾಯ, ಸ್ಟೇರಿಂಗ್ ನೀನೇ ಹಿಡ್ಕೊ. ನೀನು ಓಡಿಸ್ತಿದ್ರೆ ಅಲ್ಲಾಡೋಕೆ ನಂಗೆಲ್ಲಿ ಧೈರ್ಯ ಬರುತ್ತೆ?"