ಟೈಲ್ಸ್ ಮೇಸ್ತ್ರಿಯ ಕಿವಿ

ನಮ್ಮ ಮನೆಗೆ ಮೊಸಾಯಿಕ್ ಟೈಲ್ಸ್ ಹಾಕಿದ ಮೇಸ್ತ್ರಿಗೆ ನೆಲವೆಂದರೆ ಹಸುಗೂಸಿದ್ದಂತೆ. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬರುವರು. ಹಸಿ ಗಾರೆಯ ಬಳಿ ಬೆಕ್ಕು ಸುಳಿದರೆ ಕೈಮುಗಿದು ಹೊರಗೆ ಕಳುಹಿಸುವರು. ನಮ್ಮ ಯಜಮಾನರು ಎದುರು ನಿಂತು, "ಏನ್ ಮೇಸ್ತ್ರಿ, ಮೊಮ್ಮಕ್ಕಳ ಮದುವೆಗಾದ್ರೂ ಮುಗಿಯುತ್ತಾ?" ಎಂದು ಕೆಣಕಿದರೆ, ಮೇಸ್ತ್ರಿ ಅವರ ಹೊಟ್ಟೆ ನೋಡಿ, "ನೆಲ ನಿಮ್ಮನ್ನ ಹೊರಬೇಕಲ್ಲ ಸ್ವಾಮಿ" ಎನ್ನುವರು. ಒಂದೊಂದು ಟೈಲನ್ನೂ ಕೂರಿಸಿ, ಕರಣೆಯ ಹಿಡಿಯಿಂದ ಕುಟ್ಟಿ, "ಕೇಳಿ ತಾಯಿ, ಗಟ್ಟಿನಾ, ಟೊಳ್ಳಾ?" ಎಂದು ನನ್ನ ಮುಖ ನೋಡುವರು. ನಾನು ಹುಬ್ಬು ಗಂಟಿಕ್ಕಿದರೆ ಸಾಕು, ಎಬ್ಬಿಸಿ ಮತ್ತೆ ಗಾರೆ ತುಂಬುವರು. ಎರಡನೇ ಕ್ಲಾಸು ಓದಿದ ನನ್ನನ್ನು ಕೇಳುತ್ತಾರಲ್ಲ ಎಂದು ನಾನೂ ಬೀಗುತ್ತಿದ್ದೆ. ಒಂದು ದಿನ ಅವರ ಬೆನ್ನ ಹಿಂದೆ ಬಿಂದಿಗೆ ಢಣಾರೆಂದು ಬಿತ್ತು. ಅವರು ತಿರುಗಲೇ ಇಲ್ಲ. ಮನುಷ್ಯರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದರು, ಟೈಲಿಗೆ ತುಟಿಯೆಲ್ಲಿ? ಸುದ್ದಿ ಹರಡಿದರೆ ಅವರನ್ನು ಯಾರು ಕೆಲಸಕ್ಕೆ ಕರೆದಾರು? ಯಜಮಾನರಿಗೂ ನಾನು ಹೇಳಲಿಲ್ಲ. ಕೊನೆಯ ದಿನ ಅಡುಗೆಮನೆ ಮೂಲೆಯ ಕಡೇ ಟೈಲು ಎರಡು ಸಲ ಎಬ್ಬಿಸಿ ಕೂರಿಸಿದರೂ ಟೊಳ್ಳೇ. ಬಾತ ಮೊಣಕಾಲೂರಿ ಅವರು ನನ್ನ ಮುಖ ನೋಡಿದರು. ನಾನು ನಕ್ಕು, "ಗಟ್ಟಿ" ಎಂದೆ. "ನಿಮ್ಮ ಮನೇಲಿ ಒಂದೂ ಟೊಳ್ಳಿಲ್ಲ ತಾಯಿ" ಎಂದು ಅವರು ಬದುಕಿದ್ದ ತನಕ ಸಿಕ್ಕಾಗಲೆಲ್ಲ ಹೇಳಿದರು. ಈಗ ಅವರೂ ಇಲ್ಲ, ನಮ್ಮ ಯಜಮಾನರೂ ಇಲ್ಲ. ಆ ಟೈಲಿನ ಮೇಲೆ ಹಿಟ್ಟಿನ ಡಬ್ಬ ಇಟ್ಟಿದ್ದೇನೆ. ಸರಿಸಲು ಬಂದ ಸೊಸೆಯನ್ನು ಇವತ್ತೂ ಬೈದೆ.