ಚೋರ್ ಚೀಟಿ ಮತ್ತು ನನ್ನ ಕೆಂಪು ಕಿವಿ

ಆಗೆಲ್ಲ ಕುರ್ಲಾದ ನಮ್ಮ ಚಾಳಿನಲ್ಲಿ ಮೇ ರಜೆ ಎಂದರೆ ಮಧ್ಯಾಹ್ನವಿಡೀ ರಾಜಾ-ಮಂತ್ರಿ-ಚೋರ್-ಸಿಪಾಯಿ. ನಾವು ನಾಲ್ವರು ಪಡಸಾಲೆಯಲ್ಲಿ ಕೂತು, ನೋಟ್‌ಬುಕ್ಕಿನ ಹಾಳೆ ಹರಿದು ನಾಲ್ಕು ಚೀಟಿ ಮಾಡಿ, ಒಂದೊಂದರಲ್ಲಿ ಒಂದೊಂದು ಹೆಸರು ಬರೆದು ಹಂಚಿಕೊಳ್ಳುತ್ತಿದ್ದೆವು. ಯಾರದೋ ಮನೆಯಿಂದ ಶೇಂಗಾ ಹುರಿದ ವಾಸನೆ, ಕೈಯಲ್ಲಿ ಕರಗುವ ಬರ್ಫ್ ಗೋಲಾ. ಮಂತ್ರಿಯ ಚೀಟಿ ಬಂದವರು ಮುಖ ನೋಡಿಯೇ ಕಳ್ಳನನ್ನು ಹಿಡಿಯಬೇಕು. ಅಲ್ಲೇ ಇತ್ತು ನನ್ನ ಗ್ರಹಚಾರ.

ಯಾರಾದರೂ ದಿಟ್ಟಿಸಿದರೆ ಸಾಕು, ನನ್ನ ಕೆನ್ನೆ, ಕಿವಿ ಎಲ್ಲ ಕೆಂಪು. ಚೋರ್ ಬಂದರೂ ಕೆಂಪು, ಸಿಪಾಯಿ ಬಂದರೂ ಕೆಂಪು. ನನ್ನನ್ನೇ ಕಳ್ಳಿ ಎಂದು ಹಿಡಿದು ಮೂರು ಸಲ ಸೋತ ಪಕ್ಕದ ಖೋಲಿಯ ಸುನ್ಯಾ ಸಿಟ್ಟಿಗೆದ್ದ.

“ಸುಮ್‌ಸುಮ್ನ ಕೆಂಪಾಗಿ ಆಟಾ ಕೆಡಸ್ತಿ ನೀ. ನಾಳೆನೂ ಹಿಂಗಾದ್ರ ನಿನ್ನ ಜಾಗಾಕ ಬ್ಯಾರೆಯವ್ರನ್ನ ತಗೋತೀವಿ.”

ರಜೆಯಿಡೀ ಆಟವಿಲ್ಲದೆ ಇರುವುದೇ? ಊಟ ಸೇರಲಿಲ್ಲ. ಮನೋವೈದ್ಯರೊಬ್ಬರ ದವಾಖಾನೆಯಲ್ಲಿ ಕೆಲಸಕ್ಕಿದ್ದ ಚಿಗವ್ವ ಸಂಜೆ ಮನೆಗೆ ಬಂದಾಗ ಅತ್ತೇಬಿಟ್ಟೆ. ಅವಳು ರೊಟ್ಟಿ ಮುರಿಯುತ್ತಾ ಎಲ್ಲ ಕೇಳಿಸಿಕೊಂಡಳು.

“ಕೆಂಪಾಗೂದು ರೋಗ ಅಲ್ಲವ್ವಾ. ಎಲ್ಲಿ ಕೆಂಪಾಗ್ತೀನೋ ಅಂತ ಹೆದರ್ತಿ ನೋಡು, ಆ ಹೆದರಿಕಿನ ನಿನ್ನ ಇನ್ನಷ್ಟು ಕೆಂಪು ಮಾಡ್ತದ. ತಡೀಲಿಕ್ಕೆ ಹೋಗಬ್ಯಾಡ್ರಿ ಅಂತಾರ ನಮ್ಮ ಡಾಕ್ಟರು. ಎಲ್ಲಿ, ಈಗ ಬೇಕಂತನ ಕೆಂಪಾಗಿ ತೋರ್ಸು.”

ಕನ್ನಡಿ ಹಿಡಿದಳು. ಎಷ್ಟು ತಿಣುಕಿದರೂ ಒಂದು ಚೂರೂ ಕೆಂಪಾಗಲಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಮರುದಿನ ಚೀಟಿ ಬಿಚ್ಚಿದರೆ ಚೋರ್. ಮಂತ್ರಿ ಯಾರೆಂದರೆ ಸುನ್ಯಾನೇ. ನನ್ನತ್ತ ಬಾಗಿ, ಕಣ್ಣು ಮಿಟುಕಿಸದೆ ನೋಡಿದ. ಕಿವಿ ಬಿಸಿಯಾಯಿತು. ಆಗಲಿ, ಇನ್ನೂ ಆಗಲಿ ಎಂದುಕೊಂಡೆ.

“ತಡಿ ಸುನ್ಯಾ, ಇನ್ನಾ ಕೆಂಪಾಗ್ತೀನಿ, ಚೊಲೋತ್ನಂಗ ನೋಡು,” ಎಂದೆ.

ಬಿಸಿ ಅಲ್ಲಿಗೇ ನಿಂತು ಇಳಿಯತೊಡಗಿತು. ಅವನು ತಲೆ ಕೆರೆದುಕೊಂಡು ಪಕ್ಕದವಳತ್ತ ಬೆರಳು ತೋರಿಸಿದ. ನಾನು ಚೀಟಿ ಎತ್ತಿ ಹಿಡಿದು, “ನಾನೇ ಚೋರ್, ನಾನೇ ಚೋರ್,” ಎಂದು ಚಾಳಿನ ಈ ತುದಿಯಿಂದ ಆ ತುದಿಗೆ ಓಡಿದೆ. ಕಳ್ಳಿಯಾದದ್ದಕ್ಕೆ ಅಷ್ಟು ಖುಷಿಪಟ್ಟವರು ಆ ಚಾಳಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಈಗ ಗೋರೆಗಾಂವಿನಲ್ಲಿ ನನ್ನ ಆಫೀಸು, ಅರ್ಧ ಕೆಲಸ ಲ್ಯಾಪ್‌ಟಾಪಿನ ಮೀಟಿಂಗುಗಳಲ್ಲೇ. ಮೊನ್ನೆ ಅಂಥದೊಂದು ಮೀಟಿಂಗಿನಲ್ಲಿ ಯಾರೋ ಹೇಗಿದ್ದೀರಿ ಎಂದು ಕೇಳಿದರು. ಆರಾಮಾಗಿದ್ದೇನೆ ಎಂದು ಸುಳ್ಳು ಹೇಳಿದೆ. ಕಿವಿ ಬಿಸಿಯಾಯಿತು, ಹೆದರಿಕೆ ಮಾತ್ರ ಆಗಲಿಲ್ಲ. ಪರದೆಯ ಮೇಲೆ ಎಲ್ಲರ ಕಣ್ಣೂ ಬೇರೆಲ್ಲೋ ಇತ್ತು. ಸುನ್ಯಾ ಇದ್ದಿದ್ದರೆ ಈ ಸಲ ಹಿಡಿಯುತ್ತಿದ್ದ.