ಭೋಸರಿಯ ಮಿಸ್ತ್ರಿ ಕೂರಿಸಿದ ಕಮಾನು

ಕಳೆದ ವಾರ ನಮ್ಮ ಕಟ್ಟಡದ ಮೂರನೇ ಮಹಡಿಯವರು ಬಾಲ್ಕನಿಗೆ ಹೊಸ ಗ್ರಿಲ್ ಹಾಕಿಸುತ್ತಿದ್ದರು. ಕ್ಲಿನಿಕ್ಕಿಗೆ ಹೊರಟಿದ್ದ ನಾನು ಮೆಟ್ಟಿಲ ಬಳಿ ನಿಂತುಬಿಟ್ಟೆ. ಗ್ರೈಂಡರು ಕಬ್ಬಿಣ ಕೊಯ್ಯುವಾಗ ಏಳುವ ಆ ಸುಟ್ಟ ವಾಸನೆ, ಅದರ ಜೊತೆಗೆ ಹಸಿ ರೆಡ್ ಆಕ್ಸೈಡ್ ಬಣ್ಣದ ವಾಸನೆ… ಮೂಗಿಗೆ ಬಡಿದದ್ದೇ ತಡ, ಪುಣೆಯ ಹೊರವಲಯದ ಭೋಸರಿಯ ಒಂದು ತಗಡಿನ ಶೆಡ್ಡು, ಅದರ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತ ಮಿಸ್ತ್ರಿ ಕಣ್ಣ ಮುಂದೆ ಬಂದರು. ಅವರನ್ನು ನಾನು ಕೊನೆಯವರೆಗೂ ಮಿಸ್ತ್ರಿ ಎಂದೇ ಕರೆದೆ. ಹೆಸರು ಗೊತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದದ್ದು ಅದೇ.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ನನಗೆ ನಲವತ್ತೇಳು. ಪುಣೆಯ ಕೋಥ್ರೂಡಿನಲ್ಲಿ ಹಲ್ಲಿನ ದವಾಖಾನೆ, ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವ್ವ ಧಾರವಾಡ ಬಿಟ್ಟು ನಲವತ್ತು ವರ್ಷವಾಗಿದ್ದರೂ ಅವಳ ಮಾತು ಮಾತ್ರ ಧಾರವಾಡ ಬಿಟ್ಟಿರಲಿಲ್ಲ. ನನ್ನ ಬಳಿ ಬರುತ್ತಿದ್ದ ವಯಸ್ಸಾದ ರೋಗಿಯೊಬ್ಬರು ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ಮಾರುವವರಿದ್ದರು. ಕೆಂಪು ಬಣ್ಣದ್ದು, ಎರಡೇ ಸೀಟು, ಬಟ್ಟೆಯ ಛಾವಣಿ ಹಿಂದಕ್ಕೆ ಮಡಚಿಟ್ಟರೆ ಮೇಲೆ ಬರೀ ಆಕಾಶ. ಜೀವನದಲ್ಲಿ ಒಮ್ಮೆಯಾದರೂ ಬುದ್ಧಿಗೇಡಿ ಕೆಲಸ ಮಾಡಬೇಕೆಂದು ನನಗೆ ಅನಿಸಿತ್ತೋ ಏನೋ, ಕೊಂಡುಬಿಟ್ಟೆ.

ಅವ್ವ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದು, "ತಲಿ ಮ್ಯಾಲ ಸೂರಿಲ್ಲದ್ದಕ್ಕ ಇಷ್ಟ ಸಡಗರ ಏನವಾ ನಿಂದು?" ಅಂದಳು. ಆದರೆ ಮೊದಲ ಭಾನುವಾರವೇ ಸ್ಕಾರ್ಫ್ ಸುತ್ತಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದಳು.

ಇಂಥ ಕಾರು ಮಗುಚಿದರೆ ಕೂತವರ ತಲೆಯೇ ನೆಲಕ್ಕೆ ಬಡಿಯುತ್ತದೆ. ಅದಕ್ಕೆಂದೇ ಸೀಟುಗಳ ಹಿಂದೆ ದಪ್ಪ ಉಕ್ಕಿನ ಕೊಳವೆಯನ್ನು ಕಮಾನಿನಂತೆ ಬಾಗಿಸಿ ಕೂರಿಸುತ್ತಾರೆ. ರೋಲ್ ಬಾರ್ ಎನ್ನುತ್ತಾರೆ. ನಾನು ವಿದೇಶದಿಂದ ಒಂದನ್ನು ತರಿಸಿದೆ. ನಿಜ ಹೇಳಬೇಕೆಂದರೆ ತಲೆ ಉಳಿಸಿಕೊಳ್ಳುವ ಯೋಚನೆಯಿಂದಲ್ಲ. ಚಿತ್ರದಲ್ಲಿ ಚೆಂದ ಕಂಡಿತ್ತು, ಅಷ್ಟೇ. ಊರೊಳಗಿನ ಒಂದು ಗ್ಯಾರೇಜಿನವರು ಒಂದು ತಾಸಿನಲ್ಲಿ ಬೋಲ್ಟ್ ಬಿಗಿದು ಕೊಡುತ್ತೇವೆ ಎಂದರು. ಕಾರು ಮಾರಿದ ಅಜ್ಜ ಬೇಡವೆಂದರು. "ಭೋಸರಿಯಲ್ಲೊಬ್ಬ ವೆಲ್ಡರ್ ಇದ್ದಾನೆ, ನಿಮ್ಮ ಕರ್ನಾಟಕದವನೇ. ಕಾರ್ಖಾನೆಯಲ್ಲಿ ಟ್ರಕ್ಕಿನ ಚಾಸಿಗಳಿಗೆ ಬೆಸುಗೆ ಹಾಕಿದವನು. ಅವನ ಹತ್ತಿರವೇ ಹೋಗಿ" ಎಂದು ಮರಾಠಿಯಲ್ಲಿ ಒತ್ತಿ ಹೇಳಿದರು.

ಹೋಗಿ ನೋಡಿದರೆ ಶೆಡ್ಡಿನ ತುಂಬ ಕಿಟಕಿ ಗ್ರಿಲ್ಲುಗಳು, ಗೇಟುಗಳು. ಅರವತ್ತರ ಆಸುಪಾಸಿನ, ಕಡ್ಡಿಯಂಥ ಮನುಷ್ಯ ಎದ್ದು ಬಂದರು. ಮರಾಠಿಯಲ್ಲಿ ಮಾತು ಶುರುವಾಯಿತು, ನನ್ನ ಮರಾಠಿಯ ರಾಗ ಕೇಳಿ ಅವರೇ ಕನ್ನಡಕ್ಕೆ ಬಂದರು. ಇಂಡಿ ತಾಲೂಕಿನವರಂತೆ. ಪೆಟ್ಟಿಗೆಯಿಂದ ಕಮಾನು ತೆಗೆದು, ತಿರುಗಿಸಿ ಮುರುಗಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಇದರಾಗ ಯಾರ್ಯಾರು ಕುಂದರತೀರ್ರೀ?"

"ನಾನು, ನಮ್ಮವ್ವ."

"ಹಂಗಾರ ಅವ್ವಾರನೂ ಕರಕೊಂಡ ಬರ್ರಿ."

ಮರುದಿನ ಅವ್ವನನ್ನು ಕರೆದುಕೊಂಡು ಹೋದೆ. ಅವರು ಕಮಾನನ್ನು ಸೀಟಿನ ಹಿಂದೆ ತಾತ್ಕಾಲಿಕವಾಗಿ ನಿಲ್ಲಿಸಿ, ಮುಂದಿನ ಗಾಜಿನ ಚೌಕಟ್ಟಿನ ತುದಿಯಿಂದ ಕಮಾನಿನ ತುದಿಗೆ ಒಂದು ದಾರ ಎಳೆದು ಕಟ್ಟಿದರು. ಗಾಡಿ ತಲೆಕೆಳಗಾದರೆ ನೆಲ ಬರುವುದು ಈ ದಾರದ ಮಟ್ಟಕ್ಕೆ, ತಲೆ ಇದರ ಕೆಳಗೇ ಇರಬೇಕು ಎಂದು ವಿವರಿಸಿದರು. ನಾನು ಕೂತೆ. ದಾರಕ್ಕೂ ನನ್ನ ತಲೆಗೂ ನಾಲ್ಕು ಬೆರಳಿನ ಅಂತರವಿತ್ತು. ಅವ್ವ ನಿಂತಾಗ ನನಗಿಂತ ಗಿಡ್ಡ, ಕೂತಾಗ ಎತ್ತರ. ದಾರ ಅವಳ ನೆತ್ತಿಗೆ ತಾಗಿ ಮೇಲಕ್ಕೆ ಬಾಗಿತು.

"ನಡಿಯೂದಿಲ್ಲ," ಅಂದರು ಮಿಸ್ತ್ರಿ.

ಕಮಾನನ್ನು ಎತ್ತರಿಸಿದರೆ ಬಟ್ಟೆಯ ಛಾವಣಿ ಮುಚ್ಚುವುದಿಲ್ಲ. ಪುಣೆಯ ಮಳೆಗಾಲದಲ್ಲಿ ಛಾವಣಿ ಇಲ್ಲದೆ ಆಗದು ಎಂದೆ. ಹಾಗಾದರೆ ಅವ್ವನ ಸೀಟನ್ನೇ ಕೆಳಗಿಳಿಸುತ್ತೇನೆಂದರು. ಆಮೇಲೆ ಅವ್ವನ ಕಡೆ ತಿರುಗಿ, "ಅವ್ವಾರ, ಬೆಲ್ಟ್ ಹಾಕ್ಕೋತೀರೋ ಇಲ್ಲೋ?" ಎಂದು ಕೇಳಿದರು.

"ಅದೊಂದು ಕಾಟ. ಸೀರಿ ಎಲ್ಲಾ ಮುದ್ದಿ ಆಗ್ತದಪಾ," ಎಂದಳು ಅವ್ವ.

"ಬೆಲ್ಟ್ ಹಾಕ್ಕೊಳ್ಳಾಂಗಿಲ್ಲಂದ್ರ ನಾ ಈ ಕಮಾನ ಕೂಡಸಾಂಗಿಲ್ರೀ. ನೀವು ಹೊರಗ ಹಾರಿ ಬಿದ್ದ ಮ್ಯಾಲ ಇದು ಯಾರನ್ನ ಕಾಯಬೇಕು?"

ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಹಾಗೆ ಎದುರು ನಿಂತು ಹೇಳಿದವರು ಕಡಿಮೆ. ಕೊನೆಗೆ, "ಆತಪಾ, ಹಾಕ್ಕೋತೀನಿ" ಎಂದು ಒಪ್ಪಿಕೊಂಡಳು. ಅವರು ಅಷ್ಟಕ್ಕೂ ಬಿಡದೆ, "ದಿನಾ?" ಅಂದರು. "ದಿನಾ," ಎಂದಳು ಅವ್ವ.

ಒಂದು ವಾರದ ಕೆಲಸ ಎಂದಿದ್ದರು. ಮೂರು ವಾರವಾದರೂ ಕಾರು ಬರಲಿಲ್ಲ. ಫೋನ್ ಮಾಡಿದರೆ, "ನಡದದ್ರಿ ಬಾಯಾರ, ನಡದದ" ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಮೇಡಂ ಎನ್ನುವ ಬದಲು ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ರೋಗಿಗಳಿಗೆಲ್ಲ ಬೇರೆ ಸಮಯ ಕೊಟ್ಟು ಸೀದಾ ಭೋಸರಿಗೆ ಹೋದೆ. ಅಲ್ಲಿ ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಸೀಟುಗಳು ಹೊರಗೆ, ಕಾರ್ಪೆಟ್ಟು ಮೂಲೆಯಲ್ಲಿ, ಮತ್ತು ನನ್ನ ಕಾರಿನ ನೆಲದಲ್ಲಿ ಎರಡು ದೊಡ್ಡ ತೂತು! ಅದರೊಳಗಿಂದ ಶೆಡ್ಡಿನ ನೆಲ ಕಾಣುತ್ತಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. "ಕಿಟಕಿ ಗ್ರಿಲ್ ಮಾಡೋರಿಗೆ ಸ್ಪೋರ್ಟ್ಸ್ ಕಾರು ಕೊಟ್ಟದ್ದು ನನ್ನ ತಪ್ಪು. ನಿಮಗೆ ಇದರ ಬಗ್ಗೆ ಏನು ತಿಳೀತದ?" ಅಂದುಬಿಟ್ಟೆ. ಪಕ್ಕದ ಶೆಡ್ಡಿನವರು ಕೆಲಸ ನಿಲ್ಲಿಸಿ ನೋಡಿದರು.

ಮಿಸ್ತ್ರಿ ಸಿಟ್ಟಾಗಲಿಲ್ಲ. ಮೂಲೆಯಿಂದ ಕತ್ತರಿಸಿ ತೆಗೆದ ತಗಡಿನ ತುಂಡೊಂದನ್ನು ತಂದು ನನ್ನ ಕೈಗೆ ಕೊಟ್ಟರು. ಮೇಲೆ ಬಣ್ಣ ಗಟ್ಟಿಯಾಗಿಯೇ ಇತ್ತು. ಹೆಬ್ಬೆರಳು ಒತ್ತಿದೆ, ಹಪ್ಪಳದಂತೆ ಪುಡಿಯಾಯಿತು. ಕಾರ್ಪೆಟ್ಟಿನ ಅಡಿಯಲ್ಲಿ ವರ್ಷಗಟ್ಟಲೆ ನೀರು ನಿಂತು ತುಕ್ಕು ತಿಂದಿತ್ತು.

"ಬಾಯಾರ, ನೀವು ಹುಳುಕ ಹಲ್ಲಿನ ಮ್ಯಾಲ ಕ್ಯಾಪ್ ಹಾಕತೀರೇನ್ರಿ?"

ಇಪ್ಪತ್ತು ವರ್ಷದಿಂದ ರೋಗಿಗಳಿಗೆ ನಾನು ಹೇಳಿಕೊಂಡು ಬಂದ ಮಾತನ್ನೇ ಅವರು ನನಗೆ ಹೇಳಿದ್ದರು. ಕೆಟ್ಟದ್ದನ್ನು ಪೂರ್ತಿ ತೆಗೆಯದೆ ಮೇಲೆ ಏನನ್ನೂ ಕೂರಿಸಬಾರದು. ಗ್ಯಾರೇಜಿನವರು ಒಂದು ತಾಸಿನಲ್ಲಿ ಬೋಲ್ಟ್ ಬಿಗಿಯುತ್ತಿದ್ದದ್ದು ಈ ಹಪ್ಪಳದ ಮೇಲೆ. ಆದರೂ ತಪ್ಪಾಯಿತು ಎನ್ನಲು ಆಗ ನನಗೆ ನಾಲಿಗೆ ಏಳಲಿಲ್ಲ. ಸುಮ್ಮನೆ ವಾಪಸ್ ಬಂದೆ.

ಇನ್ನೂ ಹತ್ತು ದಿನ ಹಿಡಿಯಿತು. ತುಕ್ಕು ಹಿಡಿದ ಭಾಗವನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದು, ಅಡಿಯಿಂದ ಅಂಗೈಗಿಂತ ದೊಡ್ಡ ಉಕ್ಕಿನ ಫಲಕ ಕೊಟ್ಟು, ಕಮಾನಿನ ಕಾಲುಗಳನ್ನು ಬಿಗಿದಿದ್ದರು. ಅವ್ವನ ಸೀಟು ಮೂರು ಬೆರಳು ಇಳಿದಿತ್ತು. ತಲೆಯ ಹಿಂದೆ ಬರಿಯ ಉಕ್ಕು ಇರಬಾರದೆಂದು ಕಮಾನಿಗೆ ಗಟ್ಟಿ ಫೋಮು ಸುತ್ತಿದ್ದರು. ದಾರ ಕಟ್ಟಿ ಅವ್ವನನ್ನು ಮತ್ತೆ ಕೂರಿಸಿದರು. ಈ ಸಲ ದಾರ ನೆತ್ತಿಗೆ ತಾಗಲಿಲ್ಲ.

"ಬಾವ್ಯಾಗ ಕುಂತಂಗ ಆಗೇದ," ಅಂದಳು ಅವ್ವ. ಮಿಸ್ತ್ರಿ ಮೊದಲ ಸಲ ನಕ್ಕರು.

ಡಿಸೆಂಬರಿನ ಒಂದು ಬೆಳಿಗ್ಗೆ ಅವ್ವನಿಗೆ ಜೇಜುರಿಯ ಖಂಡೋಬನನ್ನು ನೋಡುವ ಮನಸ್ಸಾಯಿತು. ಅವಳ ಬಾಯಲ್ಲಿ ಅವನು ಮೈಲಾರಲಿಂಗ. ದಿವೆ ಘಾಟು ಹತ್ತಿ, ಸಾಸವಡ ದಾಟಿದ್ದೆವು. ಛಾವಣಿ ಮಡಚಿತ್ತು, ಎಳೆ ಬಿಸಿಲಿತ್ತು. ಬೆಲ್ಟಿನಿಂದ ಸೀರೆ ಮುದುಡಿತೆಂದು ಅವ್ವ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ಆದರೆ ಬಿಚ್ಚಿರಲಿಲ್ಲ. ಎದುರಿನಿಂದ ಟ್ರಾಕ್ಟರೊಂದನ್ನು ಹಿಂದೆ ಹಾಕಲು ಹೋದ ಟೆಂಪೋ ಪೂರ್ತಿ ನಮ್ಮ ಬದಿಗೆ ಬಂತು. ನಾನು ಎಡಕ್ಕೆ ಎಳೆದೆ. ರಸ್ತೆಯ ಅಂಚು ಕುಸಿಯಿತು. ಆಕಾಶ ಒಮ್ಮೆ ಕೆಳಗೆ ಬಂದಂತಾಯಿತು, ಆಮೇಲೆ ಮಣ್ಣು…

ಸದ್ದೆಲ್ಲ ನಿಂತಾಗ ನಾವು ಒಂದು ಈರುಳ್ಳಿ ಹೊಲದಲ್ಲಿ ತಲೆಕೆಳಗಾಗಿ ಬೆಲ್ಟಿನಲ್ಲಿ ಜೋತಾಡುತ್ತಿದ್ದೆವು. ಮುಂದಿನ ಗಾಜಿನ ಚೌಕಟ್ಟು ಮಡಚಿ ಡ್ಯಾಶ್‌ಬೋರ್ಡಿಗೆ ಅಂಟಿತ್ತು. ಕಣ್ಣಿನ ಪಕ್ಕದಲ್ಲೇ ಹಸಿ ಮಣ್ಣು. ಅವ್ವನ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ. ಎಷ್ಟು ಹೊತ್ತೋ, ನಾಲ್ಕು ಉಸಿರಿನಷ್ಟೇ ಇರಬಹುದು. ಆಮೇಲೆ ಅವಳ ದನಿ ಕೇಳಿತು.

"ನನ್ನ ಚಾಳೀಸ ಎಲ್ಲಿ ಬಿತ್ತು ನೋಡವಾ."

ಕನ್ನಡಕ ಕೇಳುವ ಆ ಮಾತಿಗೆ ನಾನು ಅಳಲು ಶುರು ಮಾಡಿದೆ. ಅವಳು ನಗುತ್ತಿದ್ದಳು, ಹೆದರಿಕೆಯ ನಗು. ಈರುಳ್ಳಿ ಕಳೆ ಕೀಳುತ್ತಿದ್ದ ಹೆಂಗಸರು ಓಡಿ ಬಂದರು. ಅವರಲ್ಲೊಬ್ಬಳು ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿ, ಅವ್ವನ ಕೈ ಹಿಡಿದು, "ಆಜಿ, ಹಲೂ ನಕಾ" ಎಂದು ಅಲುಗಾಡದಂತೆ ಹೇಳುತ್ತಲೇ ಇದ್ದಳು. ರಸ್ತೆಯ ಮೇಲಿದ್ದ ಗಂಡಸರೂ ಸೇರಿ ಕಾರನ್ನು ಓರೆಯಾಗಿ ಎತ್ತಿ ನಮ್ಮನ್ನು ಹೊರಗೆಳೆದರು. ಅವ್ವನಿಗೆ ಬೆಲ್ಟ್ ಹಾದಲ್ಲಿ ಹೆಗಲ ಮೂಳೆ ಮುರಿದಿತ್ತು, ನನಗೆ ಬಲ ಮಣಿಕಟ್ಟು. ಅಷ್ಟೇ. ತಲೆಗೆ ಗೀರು ಕೂಡ ಇರಲಿಲ್ಲ.

ನಜ್ಜುಗುಜ್ಜಾದ ಕಾರನ್ನು ಮಿಸ್ತ್ರಿ ತಮ್ಮ ಶೆಡ್ಡಿಗೇ ತರಿಸಿಕೊಂಡರು. ಒಂದು ತಿಂಗಳ ನಂತರ ನಾವಿಬ್ಬರೂ ಕೈ ಜೋಲಿಗೆ ಹಾಕಿಕೊಂಡು ಅವರನ್ನು ನೋಡಲು ಹೋದೆವು. ಕಮಾನು ನಿಂತೇ ಇತ್ತು, ಒಂದು ಬದಿಗೆ ಸ್ವಲ್ಪ ವಾಲಿತ್ತು. ಅವರು ಅದರ ಬುಡದ ಬೆಸುಗೆಯ ಮೇಲೆ ಬೆರಳಾಡಿಸುತ್ತ ಕೂತಿದ್ದರು. ಅವ್ವ ಹತ್ತಿರ ಹೋಗಿ ಬಲಗೈಯನ್ನು ಅವರ ಹೆಗಲ ಮೇಲಿಟ್ಟು, "ತಮ್ಮಾ, ನೀ ಅವತ್ತು ಹಟಾ ಹಿಡೀಲಿಲ್ಲಂದ್ರ ನಾ ಇವತ್ತ ಇಲ್ಲಿ ಇರತಿದ್ದಿಲ್ಲ" ಅಂದಳು. ಅವರು ಎದ್ದು ನಿಂತು ಅರಿವೆಯ ತುಂಡಿನಿಂದ ಕೈ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು.

"ಮಣ್ಣ ಮೆತ್ತಗಿತ್ರೀ ಅವ್ವಾರ. ಡಾಂಬರದ ಮ್ಯಾಲ ಆಗಿದ್ರ…" ಎಂದರು. ಹೊಗಳಿಕೆ ಅವರಿಗೆ ಬೇಕಿರಲಿಲ್ಲ. ವಾಲಿದ ಕಾಲು ಯಾಕೆ ವಾಲಿತು ಎನ್ನುವುದೇ ಅವರ ಚಿಂತೆ.

ನಾನು ಅವತ್ತಾದರೂ ಬಾಯಿಬಿಟ್ಟೆ. "ಗ್ರಿಲ್ ಮಾಡೋರು ಅಂತ ಹಗುರಾಗಿ ಅಂದೆ. ಭಾಳ ತಪ್ಪಾತ್ರಿ."

"ಅದರಾಗ ತಪ್ಪೇನದರೀ, ಗ್ರಿಲ್ಲನ ಮಾಡ್ತೀನಿ ನಾ," ಅಂದರು. "ನಾಕನೇ ಮಾಳಿಗಿ ಗ್ರಿಲ್ಲು ಅಂದ್ರ ಹುಡುಗಾಟ ಅಲ್ರೀ ಬಾಯಾರ. ಸಣ್ಣ ಮಕ್ಕಳು ಅದಕ್ಕ ಒರಗಿ ನಿಂತು ರಸ್ತಾ ನೋಡತಾವ."

ಅವರು ಅದನ್ನು ನನ್ನನ್ನು ಚುಚ್ಚಲು ಹೇಳಿದ್ದಲ್ಲ, ತಮ್ಮ ಕೆಲಸದ ಬಗ್ಗೆ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಕಾರು ಮತ್ತೆ ರಸ್ತೆಗೆ ಬರಲಿಲ್ಲ. ಅದರ ಬಗ್ಗೆ ನಾವಿಬ್ಬರೂ ದುಃಖಪಡಲೂ ಇಲ್ಲ. ಮಿಸ್ತ್ರಿಯ ದವಡೆ ಹಲ್ಲೊಂದು ವರ್ಷಗಳಿಂದ ನೋಯುತ್ತಿತ್ತಂತೆ. ಅದನ್ನು ಅವ್ವ ಮಾತಿನಲ್ಲೇ ಹೊರಡಿಸಿ, ಅವರನ್ನು ನನ್ನ ಕ್ಲಿನಿಕ್ಕಿಗೆ ಕರೆಸಿದಳು. ನನ್ನ ಕಾರಿನ ನೆಲವನ್ನೇ ಕೊಯ್ದ ಮನುಷ್ಯ ಡ್ರಿಲ್ಲಿನ ಸದ್ದಿಗೆ ಕುರ್ಚಿಯ ಹಿಡಿ ಬಿಗಿಹಿಡಿದು, "ಸಾವಕಾಶ್ರೀ ಬಾಯಾರ, ಸಾವಕಾಶ" ಎನ್ನುತ್ತಿದ್ದರು. ಅವ್ವ ಪಕ್ಕದಲ್ಲಿ ನಿಂತು, "ಪೂರಾ ಹುಳುಕ ತಗೀಲಿ ತಡಿಯೋ" ಎಂದು ಗದರಿದಳು. ಆಮೇಲೆ ಮಿಸ್ತ್ರಿ ವರ್ಷಕ್ಕೊಮ್ಮೆ ನಾಗರ ಪಂಚಮಿಯ ಹೊತ್ತಿಗೆ ಶೇಂಗಾ ಉಂಡೆ ಹೊತ್ತು ಹೆಂಡತಿಯ ಜೊತೆ ಬರುತ್ತಿದ್ದರು. ಕೊನೆಯ ಎರಡು ವರ್ಷ ಮೊಣಕಾಲು ನೋವೆಂದು ಬರಲಿಲ್ಲ, ಫೋನಿನಲ್ಲಿ ಮಾತಾಡಿದರು. ನಾವೂ ಹೋಗಬೇಕಿತ್ತು. ಇವತ್ತು ನಾಳೆ ಎನ್ನುತ್ತ ಉಳಿಯಿತು.

ಆ ಬೆಳಿಗ್ಗೆಯ ನಂತರ ಅವ್ವ ಏಳು ವರ್ಷ ಬದುಕಿದಳು. ದೊಡ್ಡದೇನೂ ನಡೆಯಲಿಲ್ಲ ಆ ಏಳು ವರ್ಷದಲ್ಲಿ. ಉಪ್ಪಿನಕಾಯಿ ಹಾಕಿದಳು, ಕೆಲಸದವಳ ಜೊತೆ ಜಗಳವಾಡಿದಳು, ಫೋನಿನಲ್ಲಿ ಕನ್ನಡ ಟೈಪು ಮಾಡಲು ಕಲಿತು ಎಲ್ಲರಿಗೂ ತಪ್ಪುತಪ್ಪಾಗಿ ಬರೆದಳು. ಐದನೇ ವರ್ಷದ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಇದ್ದಕ್ಕಿದ್ದಂತೆ, "ಆ ಹುಡುಗನ್ನ ನಾವು ಬ್ಯಾಡ ಅನ್ನಬಾರದಾಗಿತ್ತು. ನಂದ ತಪ್ಪಾತು ಮಗಳ" ಅಂದಳು. ಇಪ್ಪತ್ತೈದು ವರ್ಷದಿಂದ ನಾವಿಬ್ಬರೂ ಎತ್ತದೇ ಬಿಟ್ಟಿದ್ದ, ಮುರಿದುಹೋದ ನನ್ನ ಮದುವೆಯ ಮಾತು ಅದು. ಅವಳ ಮುಂದಿನ ಅವರೆಕಾಯಿ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದೆ. ಒಳಗೆ ಎಷ್ಟೋ ವರ್ಷದ ಗಂಟೊಂದು ಬಿಚ್ಚಿತು. ಆ ಕಮಾನು ಇರದಿದ್ದರೆ ಆ ಮಾತು ಕೇಳದೆಯೇ ನಾನು ಉಳಿದ ಆಯುಷ್ಯ ಕಳೆಯಬೇಕಾಗುತ್ತಿತ್ತು.

ಕಳೆದ ವರ್ಷ ಅವ್ವ ಹಾಸಿಗೆಯಲ್ಲೇ ನೆಮ್ಮದಿಯಾಗಿ ಹೋದಳು. ಹದಿಮೂರು ದಿನ ಮುಗಿದ ಮೇಲೆ ಮಿಸ್ತ್ರಿಗೆ ತಿಳಿಸೋಣವೆಂದು ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಮಿಸ್ತ್ರಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಊರಿಗೆ ಮಣ್ಣು ಮಾಡಲು ಒಯ್ದ ಗಡಿಬಿಡಿಯಲ್ಲಿ ಯಾರಿಗೂ ಹೇಳಲಾಗಲಿಲ್ಲವೆಂದರು. ನಾನು ಅವ್ವನ ಸುದ್ದಿ ಹೇಳಿದೆ.

ಅವರು ಕೇಳಿದರು, "ಊಟಾ ಮಾಡೀರಿಲ್ಲೋ?"

"ಇಲ್ರೀ."

"ಮನ್ಯಾಗ ಒಬ್ಬಾಕಿನ ಕುಂತು ಏನ ಉಣ್ಣತೀರಿ. ಇತ್ತ ಬರ್ರಿ, ರೊಟ್ಟಿ ಬಡೀತೀನಿ."

ಹೋದೆ. ಶೆಡ್ಡಿನಲ್ಲಿ ಈಗ ಯಾರೋ ನೀರಿನ ಟ್ಯಾಂಕು ಮಾರುತ್ತಾರೆ. ಅದರ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಅವರು ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತ ಹೋದರು, ನಾನು ಬೇಡವೆನ್ನದೆ ಉಂಡೆ. ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಅವರಿಬ್ಬರ ಮಾತು ಎತ್ತುತ್ತೇವೆ, ಕೆಲವು ಸಲ ಎತ್ತುವುದೂ ಇಲ್ಲ. ಆ ಏಳು ವರ್ಷ ಯಾರು ಕೊಟ್ಟದ್ದೆಂದು ಗೊತ್ತಿರುವವರು ಈಗ ನಾವಿಬ್ಬರೇ.